ಬಾಡಿಗೆ ಕಾರಿನ ಕೌಂಟರಿನಲ್ಲಿ ‘ಬರೀ ಹದಿನೆಂಟು ಡಾಲರ್’ ಅಂದರೆ ಎಚ್ಚರ

ಅಮೆರಿಕಕ್ಕೆ ಪ್ರವಾಸ ಹೋಗಿ ಅಲ್ಲಿ ತಾವೇ ಕಾರು ಓಡಿಸಬೇಕು ಅಂದುಕೊಂಡಿರುವವರು ಕಾರು ಬುಕ್ ಮಾಡುವ ಮೊದಲೇ ಇದನ್ನು ಓದಿ. ಬಲಬದಿಯ ಡ್ರೈವಿಂಗ್, ಫ್ರೀವೇ, ಸ್ಟಾಪ್ ಸೈನು ಇವನ್ನೆಲ್ಲ ಹೇಳಿಕೊಡಲು ಬೇಕಾದಷ್ಟು ಜನ ಸಿಗುತ್ತಾರೆ. ಕೀಲಿ ಕೈಗೆ ಬರುವ ಮುಂಚೆ ಕೌಂಟರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬೆಂಗಳೂರಿನಿಂದ 520 ಡಾಲರಿಗೆ ಬುಕ್ ಮಾಡಿಕೊಂಡು ಹೋಗಿದ್ದ ಒಂದು ವಾರದ ಬಾಡಿಗೆ, ಆ ಕೌಂಟರಿನ ಮುಂದೆ ನಿಂತ ಸ್ವಲ್ಪ ಹೊತ್ತಿನಲ್ಲಿ ಸಾವಿರ ಡಾಲರ್ ದಾಟಿತ್ತು. ಅದೂ ನಾವು ಒಂದನ್ನು ಬಿಟ್ಟು ಎಲ್ಲಕ್ಕೂ ‘ಬೇಡ’ ಅಂದ ಮೇಲೆ.

ನಾವು ಇಳಿದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ಬಾಡಿಗೆ ಕಂಪನಿಗಳೆಲ್ಲ ಒಂದೇ ಕಟ್ಟಡದಲ್ಲಿವೆ. ಟರ್ಮಿನಲ್‌ನಿಂದ ಏರ್‌ಟ್ರೇನ್‌ನ ನೀಲಿ ಲೈನ್ ಹಿಡಿದು ಹೋಗಬೇಕು. ಇಡೀ ದಿನ ವಿಮಾನದಲ್ಲಿ ಕೂತು ಬಂದವರು, ಮಕ್ಕಳು ಸೂಟ್‌ಕೇಸ್ ಮೇಲೆ ತಲೆಯಿಟ್ಟು ತೂಕಡಿಸುತ್ತಿರುತ್ತಾರೆ, ಹಿಂದೆ ಉದ್ದ ಸಾಲು. ಈ ಸ್ಥಿತಿಯಲ್ಲಿರುವ ಮನುಷ್ಯನಿಗೆ ಏನು ಬೇಕಾದರೂ ಮಾರಬಹುದು ಅನ್ನುವುದು ಕೌಂಟರಿನವರಿಗೆ ಚೆನ್ನಾಗಿ ಗೊತ್ತು. ಇಂಥ ಕೌಂಟರುಗಳಲ್ಲಿ ಹೆಚ್ಚುವರಿ ಮಾರಾಟಕ್ಕೆ ನೌಕರರಿಗೆ ಕಮಿಷನ್ ಇರುವುದು ಸಾಮಾನ್ಯ, ಹಾಗಾಗಿ ಅವರ ನಗುಮುಖಕ್ಕೂ ಒಂದು ರೇಟು ಇದೆ ಅಂತಲೇ ಲೆಕ್ಕ.

ನಮ್ಮ ಎದುರಿಗಿದ್ದ ಯುವಕ ಮೊದಲು ಎಲ್ಲಿಗೆ ಹೋಗ್ತೀರಿ ಅಂತ ಕೇಳಿದ. ಊರು ತಿರುಗೋ ಮಾತು ಅಂತ ನಾವು ಖುಷಿಯಿಂದ ಯೊಸೆಮಿಟಿ ನ್ಯಾಷನಲ್ ಪಾರ್ಕ್ ಅಂದೆವು. ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. “ಅಯ್ಯೋ, ಬೆಟ್ಟದ ದಾರಿ. ನೀವು ಬುಕ್ ಮಾಡಿರೋ ಕಾಂಪ್ಯಾಕ್ಟ್‌ನಲ್ಲಿ ನಾಲ್ಕು ಜನ, ಇಷ್ಟು ಲಗೇಜ್... ಕಷ್ಟ ಆಗುತ್ತೆ. ನಿಮಗೋಸ್ಕರ ಎಸ್‌ಯುವಿ ಕೊಡ್ತೀನಿ, ಬರೀ ಹದಿನೆಂಟು ಡಾಲರ್.” ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕೇಳಿದ ರೇಂಜು ಬಿಟ್ಟು ಮೇಲಿನ ರ‍್ಯಾಕಿನಿಂದ ಇಳಿಸುತ್ತಾರಲ್ಲ, ಅದೇ ಕಸುಬು. ಅಲ್ಲಾದರೂ ಬೆಲೆ ಚೀಟಿ ನೋಡಬಹುದು. ಇಲ್ಲಿ ಹದಿನೆಂಟು ಅನ್ನುವುದು ದಿನಕ್ಕೆ ಅನ್ನುವ ಮಾತು ಅವನ ಬಾಯಿಂದ ಬರಲೇ ಇಲ್ಲ. ಒಟ್ಟು ಹದಿನೆಂಟಾ ಅಂತ ನಾನು ಕೇಳಿದ್ದಕ್ಕೆ “ಯಾ, ಎಯ್ಟೀನ್” ಅಂತ ತಲೆಯಾಡಿಸಿದ. ಹಾಗಾದರೆ ಸರಿ ಅಂದೆ. ಒಂದು ವಾರಕ್ಕೆ ಅದು 126 ಡಾಲರ್, ಅದರ ಮೇಲೆ ತೆರಿಗೆ ಬೇರೆ.

ಯೊಸೆಮಿಟಿಗೆ ಹೋಗಿ ಬಂದ ಮೇಲೆ ಹೇಳುತ್ತೇನೆ: ಬೇಸಿಗೆಯಲ್ಲಿ ಆ ರಸ್ತೆಗೆ ಎಸ್‌ಯುವಿ ಬೇಕಾಗಿಲ್ಲ. ನುಣುಪಾದ ಡಾಂಬರು ರಸ್ತೆ, ಸಣ್ಣ ಕಾರುಗಳು ಸಾಲು ಸಾಲಾಗಿ ಹತ್ತುತ್ತಿರುತ್ತವೆ. ಹತ್ತು ಸಾವಿರ ಅಡಿಗೆ ಸ್ವಲ್ಪವೇ ಕಡಿಮೆ ಇರುವ ಟಿಯೋಗಾ ಪಾಸ್‌ಗೂ ಅವೇ ಹೋಗುತ್ತವೆ. ಚಾರ್ಮಾಡಿ ಘಾಟಿಯನ್ನು ಮಳೆಗಾಲದಲ್ಲಿ ಮಾರುತಿ ಆಲ್ಟೋದಲ್ಲಿ ಇಳಿದವರಿಗೆ ಆ ಹೆದರಿಕೆ ಹುಟ್ಟಿಸಿದ್ದು ಅವನ ಧೈರ್ಯ. ಚಳಿಗಾಲದಲ್ಲಿ ಹಿಮ ಬಿದ್ದಾಗಿನ ಮಾತೇ ಬೇರೆ, ಆಗ ಟೈರಿಗೆ ಚೈನು ಬೇಕಾಗುತ್ತದೆ.

ಆಮೇಲೆ ಬಂದದ್ದು ಇನ್ಶೂರೆನ್ಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಮ್ಮ ಜನ ಎರಡು ಕಡೆಯಿಂದಲೂ ಏಟು ತಿನ್ನುವುದು ಇಲ್ಲೇ.

ಹೊರಡುವ ಮುಂಚೆ ಫ್ರೀಮಾಂಟ್‌ನಲ್ಲಿರುವ ನನ್ನ ಭಾವಮೈದುನ ಫೋನಿನಲ್ಲಿ ಒಂದೇ ಮಾತು ಹೇಳಿದ್ದ: “ಭಾವ, ಕೌಂಟರ್‌ನಲ್ಲಿ ಏನೇ ಕೇಳಿದ್ರೂ ನೋ ಅನ್ನಿ. ನಾವೆಲ್ಲ ಹಾಗೇ ಮಾಡೋದು, ನನ್ನ ಕ್ರೆಡಿಟ್ ಕಾರ್ಡಲ್ಲೇ ಕವರ್ ಇದೆ.” ಅವನ ಮಟ್ಟಿಗೆ ಅದು ನೂರಕ್ಕೆ ನೂರು ಸರಿ. ಅವನಿಗೆ ಅಲ್ಲಿ ಸ್ವಂತ ಕಾರಿದೆ; ಅದರ ಪಾಲಿಸಿ ಸಾಮಾನ್ಯವಾಗಿ ಅವನು ಬಾಡಿಗೆಗೆ ತೆಗೆದುಕೊಂಡ ಕಾರಿಗೂ ಅನ್ವಯಿಸುತ್ತದೆ. ಅವನ ಅಮೆರಿಕನ್ ಕಾರ್ಡಿನಲ್ಲಿ ಬಾಡಿಗೆ ಕಾರಿನ ಹಾನಿಗೆ ರಕ್ಷಣೆ ಇದೆ, ಆದರೆ ಕಾರ್ಡಿನ ಯಜಮಾನನೇ ಕಾರು ಬಾಡಿಗೆಗೆ ಪಡೆದು ಅದೇ ಕಾರ್ಡಿನಲ್ಲಿ ಹಣ ಕಟ್ಟಿದಾಗ ಮಾತ್ರ. ಬೆಂಗಳೂರಿನಿಂದ ಬಂದ ಭಾವನಿಗೆ ಇದರಲ್ಲಿ ಒಂದೂ ದಕ್ಕುವುದಿಲ್ಲ. ನಮ್ಮ ಬ್ಯಾಂಕುಗಳ ಬಹುತೇಕ ಕ್ರೆಡಿಟ್ ಕಾರ್ಡುಗಳಲ್ಲಿ ಇಂಥ ರಕ್ಷಣೆ ಇರುವುದಿಲ್ಲ, ಇಲ್ಲಿನ ನಮ್ಮ ಕಾರಿನ ಪಾಲಿಸಿ ಅಲ್ಲಿ ಕಾಗದದ ಚೂರು.

ನಮಗೆ ಬೇಕಾದವು ಎರಡು. ಒಂದು, ಡ್ಯಾಮೇಜ್ ವೇವರ್: ಬಾಡಿಗೆ ಕಾರಿಗೇ ಪೆಟ್ಟಾದರೆ, ಕಳುವಾದರೆ ನಮ್ಮ ತಲೆಗೆ ಬರದಂತೆ. ಇನ್ನೊಂದು, ಲಯಬಿಲಿಟಿ, ಅಂದರೆ ನಮ್ಮಲ್ಲಿನ ಥರ್ಡ್ ಪಾರ್ಟಿ ಇದ್ದ ಹಾಗೆ: ನಮ್ಮಿಂದ ಬೇರೆಯವರಿಗೆ ಏಟಾದರೆ, ಅವರ ಕಾರು ಜಖಂ ಆದರೆ. ಕಾರಿನ ಜೊತೆ ಇದು ತಾನಾಗಿಯೇ ಬರುತ್ತದೆ ಅಂದುಕೊಳ್ಳಬೇಡಿ, ಒಪ್ಪಂದದಲ್ಲಿ ಬರೆದಿದೆಯಾ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನು ಹೇಳುವ ಕನಿಷ್ಠ ಮಿತಿಯೇ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲರದ್ದೂ ಸೇರಿ 60,000, ಆಸ್ತಿ ನಷ್ಟಕ್ಕೆ 15,000. ಅಲ್ಲಿನ ಆಸ್ಪತ್ರೆ ಬಿಲ್ ಕಂಡವರಿಗೆ ಆ ಮೂವತ್ತು ಸಾವಿರ ಎಷ್ಟು ದಿನಕ್ಕೆ ಸಾಕಾಗುತ್ತದೆ ಅಂತ ಗೊತ್ತಿರುತ್ತದೆ. ಆದ್ದರಿಂದ ‘ಎಲ್ಲಕ್ಕೂ ನೋ’ ಅನ್ನುವ ನೆಂಟರ ಸಲಹೆ ನಮ್ಮಂಥವರಿಗೆ ಅಪಾಯ, ‘ಎಲ್ಲಕ್ಕೂ ಎಸ್’ ಅನ್ನಿಸುವ ಕೌಂಟರು ದುಬಾರಿ.

ದಾರಿ ಇದೆ. ಬುಕ್ ಮಾಡುವಾಗ ವಾಸದ ದೇಶ ಇಂಡಿಯಾ ಅಂತ ಹಾಕಿದರೆ ಕೆಲವು ಕಂಪನಿಗಳು, ಬುಕಿಂಗ್ ತಾಣಗಳು ಈ ಎರಡನ್ನೂ ಸೇರಿಸಿದ ದರ ತೋರಿಸುತ್ತವೆ. ಕೌಂಟರಿನಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದು ಎಷ್ಟೋ ಅಗ್ಗ. ನಾವು ಹಾಗೇ ಬುಕ್ ಮಾಡಿದ್ದೆವು, ವೋಚರನ್ನು ಪ್ರಿಂಟ್ ತೆಗೆದು ಒಯ್ದಿದ್ದೆವು. ಆ ಯುವಕ ಅದನ್ನು ಓರೆಗಣ್ಣಿನಲ್ಲಿ ನೋಡಿ, “ಇದು ಬೇಸಿಕ್. ನಿಮ್ಮದು ಇಂಡಿಯನ್ ಲೈಸೆನ್ಸ್, ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಕವರ್ ಕಡ್ಡಾಯ” ಅಂದ. ಶುದ್ಧ ಸುಳ್ಳು. ಹದಿನೆಂಟು ತುಂಬಿದ ಪ್ರವಾಸಿ ತನ್ನ ದೇಶದ ಊರ್ಜಿತ ಲೈಸೆನ್ಸಿನಲ್ಲೇ ಅಲ್ಲಿ ಕಾರು ಓಡಿಸಬಹುದು. ಡ್ಯಾಮೇಜ್ ವೇವರ್ ಕೊಳ್ಳುವುದು ಗ್ರಾಹಕನ ಇಷ್ಟ ಅಂತ ತಿಳಿಸಲೇಬೇಕು ಅನ್ನುತ್ತದೆ ಅದೇ ರಾಜ್ಯದ ಕಾನೂನು. ಕಡ್ಡಾಯ ಅನ್ನುವುದು ಎಲ್ಲಿ ಬರೆದಿದೆ ತೋರಿಸಿ ಅಂದಾಗ ಮಾತು ಬದಲಿಸಿದ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಬಹಳ ಕೆಲಸಕ್ಕೆ ಬರುತ್ತದೆ.

ಇನ್ನೊಂದು, ಹೆಂಡತಿಯೂ ಓಡಿಸುವುದಾದರೆ ದಿನಕ್ಕೆ 13 ಡಾಲರ್ ಅಂದ. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗೆ ಪಡೆದವರ ಗಂಡ ಅಥವಾ ಹೆಂಡತಿ, ಲೈಸೆನ್ಸ್ ಇದ್ದು ಕಂಪನಿ ಹೇಳುವ ವಯಸ್ಸಾಗಿದ್ದರೆ, ಕಾನೂನಿನ ಪ್ರಕಾರವೇ ಅಧಿಕೃತ ಚಾಲಕರು. ನನ್ನಾಕೆ ಇದನ್ನು ಹೇಳಿದ ಮೇಲೆ “ಓಕೆ ಓಕೆ” ಅಂತ ಕೈಬೀಸಿದ. ತೆಗೆದ ಅಂದುಕೊಂಡೆವು.

ಪೆಟ್ರೋಲಿನ ಮುಂಗಡ, ರೋಡ್‌ಸೈಡ್ ಸಹಾಯ, ವೈಯಕ್ತಿಕ ಅಪಘಾತ ಮತ್ತು ಸಾಮಾನಿನ ವಿಮೆ, ಟೋಲ್ ಪಾಸು... ಒಂದೊಂದಕ್ಕೂ ಬೇಡ, ಬೇಡ, ಬೇಡ. ಕೊನೆಗೆ ಸಹಿ ಹಾಕುವ ಪುಟ್ಟ ಪರದೆಯನ್ನು ನನ್ನ ಕಡೆ ತಿರುಗಿಸಿದ. ಒಂದು ಅಂಗೈಯಷ್ಟಿದ್ದ ಪರದೆ, ಇರುವೆ ಸಾಲಿನಂಥ ಅಕ್ಷರ. ಅವನ ಬೆರಳು ಮೇಲಿನಿಂದಲೇ ಓಡುತ್ತಿತ್ತು: “ಇಲ್ಲಿ ಇನಿಷಿಯಲ್, ಇಲ್ಲಿ, ಇಲ್ಲಿ, ಇದು ನೀವು ಇನ್ಶೂರೆನ್ಸ್ ಬೇಡ ಅಂದಿದ್ದಕ್ಕೆ, ಇಲ್ಲಿ ಸಹಿ.” ಓದಲು ತಲೆ ಬಗ್ಗಿಸಿದರೆ ಬೆರಳು ಅಡ್ಡ. ಸ್ವಲ್ಪ ನಿಲ್ಲಿ ಅಂದರೆ, ಎಲ್ಲ ಪ್ರಿಂಟ್‌ನಲ್ಲಿ ಬರುತ್ತೆ ಸರ್ ಅಂತ ಉತ್ತರ. ಬಂದ ಪ್ರಿಂಟನ್ನು ಅವನು ಲಕೋಟೆಗೆ ಮಡಚಿ ಹಾಕಿ ಕೊಟ್ಟ.

ನನ್ನಾಕೆ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿರುವವಳು, ಮಡಚಿಟ್ಟ ಕಾಗದ ಕಂಡರೆ ಬಿಡಿಸಿ ನೋಡದೆ ಇರಲಾರಳು. ಪಾರ್ಕಿಂಗ್ ಮಹಡಿಯಲ್ಲಿ ಸಾಮಾನು ತುಂಬುವ ಮೊದಲು ಲಕೋಟೆ ಬಿಚ್ಚಿದಳು. ಎಸ್‌ಯುವಿಗೆ ದಿನಕ್ಕೆ 18. ಹೆಚ್ಚುವರಿ ಚಾಲಕ, ದಿನಕ್ಕೆ 13. ರೋಡ್‌ಸೈಡ್, ದಿನಕ್ಕೆ 7.99. ಅಪಘಾತ ಮತ್ತು ಸಾಮಾನು, ದಿನಕ್ಕೆ 8.50. ಪೆಟ್ರೋಲ್ ಮುಂಗಡ 72. ಇಷ್ಟರ ಮೇಲೆ ವಿಮಾನ ನಿಲ್ದಾಣದ ಶುಲ್ಕ ಅಂತ ಇನ್ನೊಂದು ಸಾಲು. ಇದು ಬಾಡಿಗೆಯ ಮೇಲೆ ಮಾತ್ರವಲ್ಲ, ನಾವು ಸೇರಿಸಿಕೊಳ್ಳುವ ಬಾಬತ್ತುಗಳ ಮೇಲೂ ಶೇಕಡಾವಾರು ಬೀಳುತ್ತದೆ. ಅಂದರೆ ಬೇಡದ್ದನ್ನು ಕೊಂಡದ್ದಕ್ಕೆ ದಂಡ ಬೇರೆ. ಇನ್ನೊಂದು ತಮಾಷೆ: ನಮಗೆ ಕಷ್ಟ ಆಗುತ್ತೆ ಅಂದಿದ್ದ ಕಾಂಪ್ಯಾಕ್ಟ್ ಕಾರುಗಳು ಪಕ್ಕದ ಸಾಲಿನಲ್ಲೇ ನಿಂತಿದ್ದವು. ಒಂದರ ಡಿಕ್ಕಿ ತೆಗೆದು ನಮ್ಮ ಎರಡು ದೊಡ್ಡ ಸೂಟ್‌ಕೇಸ್ ಇಟ್ಟು ನೋಡಿದೆವು. ಕೂತವು.

ಅಲ್ಲಿಂದಲೇ ವಾಪಸ್ ಹೋದೆವು. ಗೇಟು ದಾಟಿದ ಮೇಲೆ ಹೋಗಿದ್ದರೆ ‘ಬಳಸಿದ್ದೀರಿ’ ಅನ್ನುತ್ತಿದ್ದರು, ಸಹಿಯೂ ನಮ್ಮದೇ. ಆ ಯುವಕ ಬೇರೆಯವರ ಜೊತೆ ಇದ್ದ. ಮ್ಯಾನೇಜರ್ ಬೇಕು ಅಂತ ನಿಂತೆವು. ಬಂದ ಹೆಂಗಸು ಮೊದಲು “ನೀವೇ ಒಪ್ಪಿದ್ದೀರಲ್ಲ” ಅಂತ ಪರದೆ ತೋರಿಸಿದರು. ನನ್ನಾಕೆ ಧ್ವನಿ ಏರಿಸಲಿಲ್ಲ. ವೋಚರು ಒಂದು ಕೈಯಲ್ಲಿ, ಒಪ್ಪಂದ ಇನ್ನೊಂದು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ‘ಇದನ್ನು ಬೇಡ ಅಂದಿದ್ದೇವೆ, ತೆಗೆಯಿರಿ’ ಅನ್ನುತ್ತಾ ಹೋದಳು. ಹಿಂದಿನ ಸಾಲಿನವರೆಲ್ಲ ಕಿವಿ ನಿಮಿರಿಸಿ ತಮ್ಮ ತಮ್ಮ ಕಾಗದ ಬಿಚ್ಚತೊಡಗಿದ್ದು ಮ್ಯಾನೇಜರಿಗೂ ಕಂಡಿರಬೇಕು. ಹಳೆ ಒಪ್ಪಂದ ರದ್ದು ಮಾಡಿ ಹೊಸದು ತೆಗೆದರು, ಕಾಂಪ್ಯಾಕ್ಟ್ ಕಾರಿನ ಕೀಲಿ ಕೊಟ್ಟರು. ಆದರೂ ಮೊದಲ ಒಪ್ಪಂದಕ್ಕೆ ಕಾರ್ಡಿನಲ್ಲಿ ಹಿಡಿದಿಟ್ಟ ಮೊತ್ತ ತಕ್ಷಣ ಬಿಡುಗಡೆಯಾಗಲಿಲ್ಲ; ಎರಡೆರಡು ಹೋಲ್ಡು ಬಿದ್ದು ಪ್ರವಾಸದ ಅರ್ಧ ಭಾಗ ಆ ಕಾರ್ಡೇ ಕೈಕೊಟ್ಟಿತು. ಎರಡನೆಯ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ. ಫಾರೆಕ್ಸ್ ಕಾರ್ಡನ್ನು ಠೇವಣಿಗೆ ಅನೇಕ ಕಡೆ ಒಪ್ಪುವುದಿಲ್ಲ. ರೂಪಾಯಿಯಲ್ಲೇ ಚಾರ್ಜ್ ಮಾಡಲಾ ಅಂತ ಕೇಳಿದರೆ ಡಾಲರಿನಲ್ಲೇ ಅನ್ನಿ, ಅವರ ವಿನಿಮಯ ದರದಲ್ಲಿ ಅವರ ಲಾಭ ಸೇರಿರುತ್ತದೆ.

ನೀವು ಹೋಗುವ ಮುಂಚೆ ವೋಚರಿನಲ್ಲಿ ಕಾರಿನ ದರ್ಜೆಯ ನಾಲ್ಕಕ್ಷರದ ಕೋಡ್ ಇದೆಯಾ ನೋಡಿ. ‘ಸಿಸಿಎಆರ್’ ಅಂತಿದ್ದರೆ ಮೊದಲ ಸಿ ಅಂದರೆ ಕಾಂಪ್ಯಾಕ್ಟ್, ಎರಡನೆಯದು ಕಾರಿನ ಮಾದರಿ, ಎ ಅಂದರೆ ಆಟೊಮ್ಯಾಟಿಕ್, ಆರ್ ಅಂದರೆ ಎಸಿ ಇದೆ. ದೊಡ್ಡ ಕಂಪನಿಗಳೆಲ್ಲ ಇದೇ ಕೋಡ್ ಬಳಸುತ್ತವೆ. ನಿಮಗೆ ಸಿಗಬೇಕಾದದ್ದು ಈ ದರ್ಜೆ, ಚಿತ್ರದಲ್ಲಿರುವ ಕಾರೇ ಅಲ್ಲ. ಆ ದರ್ಜೆಯ ಕಾರು ಖಾಲಿಯಾಗಿದ್ದರೆ ಮೇಲಿನ ದರ್ಜೆಯದ್ದನ್ನು ಹೆಚ್ಚು ಹಣ ಕೇಳದೆ ಕೊಡುವುದು ಈ ವ್ಯಾಪಾರದ ರೂಢಿ. “ನಾನು ಬುಕ್ ಮಾಡಿದ ದರ್ಜೆ ಇಲ್ಲ ಅಂತ ಹೇಳ್ತಿದ್ದೀರಾ, ಅಥವಾ ದೊಡ್ಡದು ಕೊಳ್ಳಿ ಅಂತ ಹೇಳ್ತಿದ್ದೀರಾ?” ಅಂತ ನೇರವಾಗಿ ಕೇಳಿ. ಎಲ್ಲ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೊಂದೇ: ತೆರಿಗೆ ಎಲ್ಲ ಸೇರಿ ಕಾರು ವಾಪಸ್ ಕೊಡುವ ದಿನ ನನ್ನ ಕಾರ್ಡಿನಿಂದ ಒಟ್ಟು ಎಷ್ಟು ಹೋಗುತ್ತದೆ? ಆ ಅಂಕಿಯನ್ನು ನಿಮ್ಮ ವೋಚರಿನ ಅಂಕಿಯ ಪಕ್ಕ ಇಟ್ಟು ನೋಡಿ, ಆಮೇಲೆ ಸಹಿ. ದಿನದ ದರ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಪೆಟ್ರೋಲ್ ಮುಂಗಡ ಯಾರಿಗೂ ಗಿಟ್ಟುವುದಿಲ್ಲ. ಪೂರ್ತಿ ಟ್ಯಾಂಕಿನ ಹಣ ಮೊದಲೇ ಕಟ್ಟಿಸಿಕೊಳ್ಳುತ್ತಾರೆ, ಉಳಿದದ್ದಕ್ಕೆ ವಾಪಸಿಲ್ಲ. ವಿಮಾನ ನಿಲ್ದಾಣದ ಹತ್ತಿರದ ಬಂಕಿನಲ್ಲಿ ತುಂಬಿಸಿ ರಸೀದಿ ಇಟ್ಟುಕೊಳ್ಳಿ.

ಟೋಲಿನ ಕಥೆ ಬೇರೆ ರೀತಿಯದು. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ನಗದು ತೆಗೆದುಕೊಳ್ಳುವ ಬೂತುಗಳಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಬಿಲ್ ಹೋಗುವುದು ಬಾಡಿಗೆ ಕಂಪನಿಗೆ, ಅವರು ಟೋಲಿನ ಜೊತೆ ತಮ್ಮ ಸೇವಾ ಶುಲ್ಕವನ್ನೂ ಸೇರಿಸಿ ನಿಮಗೆ ದಾಟಿಸುತ್ತಾರೆ. ಇದು ಎಷ್ಟು ಜನರಿಗೆ ಆಗಿದೆಯೆಂದರೆ, 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಅಟಾರ್ನಿ, ಅಂದರೆ ನಗರಾಡಳಿತದ ವಕೀಲರು, ಒಂದು ದೊಡ್ಡ ಕಂಪನಿಯ ಮೇಲೆ ಇದೇ ವಿಷಯಕ್ಕೆ ದಾವೆ ಹೂಡಿದರು. ಎರಡು ವರ್ಷದ ನಂತರ ಅದು 36.5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಆ ಸೇತುವೆಯಲ್ಲಿ ಟೋಲ್ ಇರುವುದು ದಕ್ಷಿಣಕ್ಕೆ, ಅಂದರೆ ನಗರದ ಕಡೆ ಬರುವಾಗ ಮಾತ್ರ. ಕಾರಿನ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ದಾಟುವ ಮುಂಚೆಯೇ ಕಟ್ಟಬಹುದು, ದಾಟಿದ 48 ಗಂಟೆಯೊಳಗೂ ಕಟ್ಟಬಹುದು. ಒಂದು ಸಲ ಸೇತುವೆ ನೋಡಿ ಬರಲು ಇಡೀ ವಾರದ ಟೋಲ್ ಪಾಸು ಕೊಳ್ಳಬೇಕಾಗಿಲ್ಲ.

ಕಾರು ಹೊರತೆಗೆಯುವ ಮುಂಚೆ ನಾಲ್ಕೂ ಸುತ್ತ, ಟೈರು, ಗಾಜು, ಮೀಟರು ಎಲ್ಲದರ ವಿಡಿಯೊ ಮಾಡಿಕೊಳ್ಳಿ. ವಾಪಸ್ ಕೊಡುವಾಗಲೂ ಮಾಡಿ, ಮುಕ್ತಾಯದ ರಸೀದಿ ಇಮೇಲಿಗೆ ಬಂತಾ ಅಂತ ಅಲ್ಲೇ ನಿಂತು ನೋಡಿ. ಊರಿಗೆ ಬಂದ ಮೇಲೂ ಒಂದೆರಡು ತಿಂಗಳು ಕಾರ್ಡಿನ ಸ್ಟೇಟ್‌ಮೆಂಟ್ ಮೇಲೆ ಕಣ್ಣಿಡಿ, ಟೋಲು, ದಂಡ ಇವೆಲ್ಲ ತಡವಾಗಿ ಬರುತ್ತವೆ. ನಮಗೆ ರದ್ದಾಗಿದ್ದ ರೋಡ್‌ಸೈಡ್ ಶುಲ್ಕ ಮತ್ತೆ ಪ್ರತ್ಯಕ್ಷವಾಗಿತ್ತು. ಹೊಸ ಒಪ್ಪಂದದ ಫೋಟೊ ಕಳಿಸಿದ ಮೇಲೆ, ಮೂರನೆಯ ಇಮೇಲಿಗೆ, ಕ್ಷಮೆಯ ಒಂದು ಸಾಲೂ ಇಲ್ಲದೆ ಹಣ ವಾಪಸ್ ಬಂತು.