ಹಿತ್ತಲ ಈಜುಕೊಳಕ್ಕೆ ಏನು ಹಾಕಿಸಬೇಕು, ಏನು ಬೇಡ: ಬಳಸಿ ನೋಡಿ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಈಜುಕೊಳ ಕಟ್ಟಿಸುವವರು ಕಣ್ಣಿಗೆ ಕಾಣದ ಸಾಮಾನಿಗೆ ಮೊದಲು ದುಡ್ಡು ಹಾಕಬೇಕು. ಪಂಪ್, ಪೈಪ್, ಫಿಲ್ಟರ್. ಬಣ್ಣ ಬದಲಾಯಿಸುವ ದೀಪ, ಕಾರಂಜಿ, ಗೋಡೆಯಿಂದ ಬೀಳುವ ನೀರು, ಇವೆಲ್ಲ ಉಳಿದ ದುಡ್ಡಿನಲ್ಲಿ ಆಗಬೇಕಾದ ಕೆಲಸ. ನೆಲದೊಳಗೆ ಹೂತ ಪೈಪನ್ನು ಆಮೇಲೆ ಬದಲಿಸಬೇಕೆಂದರೆ ಸುತ್ತಲಿನ ಕಲ್ಲುಹಾಸನ್ನೆಲ್ಲ ಒಡೆಯಬೇಕಾಗುತ್ತದೆ. ನಮ್ಮ ಕೊಳಕ್ಕೆ ಹಾಕಿಸಿದ ಸಾಮಾನು ಹೇಗೆ ಕೆಲಸ ಮಾಡುತ್ತಿದೆ ಎಂದು ಇಲ್ಲಿ ಬರೆದಿದ್ದೇನೆ. ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ. ಒಂದೇ ಬಗೆಯ ಸಾಮಾನನ್ನು ಹಲವು ಕಂಪನಿಗಳು ಮಾಡುತ್ತವೆ, ಯಾವ ಬಗೆಯದು ತಗೊಳ್ಳಬೇಕು ಅನ್ನುವುದೇ ಮುಖ್ಯ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ವೇರಿಯೇಬಲ್ ಸ್ಪೀಡ್ ಪಂಪ್. ಮಾಮೂಲಿ ಪಂಪ್ ಬೇಕಿರಲಿ ಬೇಡದಿರಲಿ ಒಂದೇ ವೇಗದಲ್ಲಿ ಓಡುತ್ತದೆ. ಇದರಲ್ಲಿ ವೇಗವನ್ನು ನಾವೇ ಇಳಿಸಬಹುದು. ವೇಗ ಅರ್ಧಕ್ಕೆ ಇಳಿದರೆ ಹರಿಯುವ ನೀರೂ ಅರ್ಧ ಆಗುತ್ತದೆ, ಆದರೆ ಎಳೆಯುವ ಕರೆಂಟು ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗಕ್ಕೆ ಬರುತ್ತದೆ. ಅಂದರೆ ಎರಡರಷ್ಟು ಹೊತ್ತು ಓಡಿಸಿ ಅಷ್ಟೇ ನೀರು ತಿರುಗಿಸಿದರೂ ಖರ್ಚು ಕಾಲು ಭಾಗ ಅಷ್ಟೇ. ನಿಜವಾಗಿ ಓಡಿಸುವಾಗ ಪೂರ್ತಿ ಅಷ್ಟು ಉಳಿಯುವುದಿಲ್ಲ, ಮೋಟರಿನಲ್ಲೂ ಒಂದಿಷ್ಟು ನಷ್ಟ ಇರುತ್ತದೆ, ಆದರೂ ಬಿಲ್ಲಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಸದ್ದೂ ಕಡಿಮೆ. ಪಂಪಿನ ಪಕ್ಕ ನಿಂತು ಆರಾಮಾಗಿ ಮಾತಾಡಬಹುದು.

ದೊಡ್ಡ ಎಚ್‌ಪಿ ಹಾಕಿಸಿದರೆ ನೀರು ಜಾಸ್ತಿ ಕ್ಲೀನ್ ಆಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಹಾಗೇನಿಲ್ಲ. ನಿಮ್ಮ ಕೊಳದ ಉದ್ದ, ಅಗಲ, ಸರಾಸರಿ ಆಳ ಗುಣಿಸಿ ನೋಡಿ. 8 ಮೀಟರ್ ಉದ್ದ, 4 ಮೀಟರ್ ಅಗಲ, 1.4 ಮೀಟರ್ ಆಳ ಅಂದರೆ ಹತ್ತಿರ ಹತ್ತಿರ 45,000 ಲೀಟರ್. ಇಷ್ಟೂ ನೀರು 8 ಗಂಟೆಯಲ್ಲಿ ಒಂದು ಸುತ್ತು ಫಿಲ್ಟರ್ ದಾಟಬೇಕು ಅಂದರೆ ಗಂಟೆಗೆ 5,600 ಲೀಟರ್ ಸಾಕು. ಸಣ್ಣ ಹರಿವು ಅದು. ಅದಕ್ಕಿಂತ ರಭಸವಾಗಿ ತಳ್ಳಿದರೆ ಸ್ಯಾಂಡ್ ಫಿಲ್ಟರಿನಲ್ಲಿ ನಿಲ್ಲಬೇಕಾದ ಕೊಳೆ ನೀರಿನ ಜೊತೆಗೇ ವಾಪಸ್ ಬರುತ್ತದೆ. ಹಾಗಂತ ಇಡೀ ದಿನ ತೀರಾ ನಿಧಾನಕ್ಕೂ ಬಿಡಬಾರದು. ಮೇಲೆ ತೇಲುವ ಎಲೆ, ಧೂಳು ಸ್ಕಿಮ್ಮರ್ (ಕೊಳದ ಅಂಚಿನಲ್ಲಿ ಮೇಲಿನ ನೀರನ್ನು ಎಳೆದುಕೊಳ್ಳುವ ಬಾಯಿ) ಒಳಗೆ ಹೋಗಲು ಸ್ವಲ್ಪ ಎಳೆತ ಬೇಕು, ಹಾಗಾಗಿ ದಿನದಲ್ಲಿ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ ಉಳಿದ ಹೊತ್ತು ನಿಧಾನಕ್ಕೆ ಬಿಡುತ್ತೇವೆ.

ಪೈಪಿನ ವಿಷಯದಲ್ಲಿ ಹಟ ಹಿಡಿಯಿರಿ. ಒಂದೂವರೆ ಇಂಚಿನ ಬದಲು ಎರಡು ಇಂಚಿನದು ಹಾಕಿಸಿದರೆ ನೀರು ಹೋಗುವ ಜಾಗ ಸುಮಾರು 1.8 ಪಟ್ಟು ಆಗುತ್ತದೆ, ಪಂಪಿಗೆ ಭಾರ ಇಳಿಯುತ್ತದೆ. ಪೈಪಿಗೆ ಬೀಳುವ ಹೆಚ್ಚಿನ ಖರ್ಚು ಒಟ್ಟು ಖರ್ಚಿನ ಮುಂದೆ ಏನೂ ಅಲ್ಲ. ನಮ್ಮ ಕಂಟ್ರಾಕ್ಟರ್ ಒಂದೂವರೆ ಇಂಚಿನದೇ ಸಾಕು ಎಂದು ಬಹಳ ವಾದ ಮಾಡಿದರು, ನಾವು ಬಗ್ಗಲಿಲ್ಲ. ತಿರುವುಗಳೂ ಆದಷ್ಟು ಕಡಿಮೆ ಇರಲಿ. ಸ್ಕಿಮ್ಮರ್ ಎಲ್ಲಿ ಬರಬೇಕು ಅನ್ನುವುದನ್ನು ಗಾಳಿ ನೋಡಿ ತೀರ್ಮಾನಿಸಬೇಕು. ಗಾಳಿ ಯಾವ ಕಡೆಗೆ ಹೆಚ್ಚಾಗಿ ಬೀಸುತ್ತದೋ ಆ ಕಡೆಯ ಅಂಚಿನಲ್ಲಿ ಇಟ್ಟರೆ ಕಸವನ್ನು ಗಾಳಿಯೇ ತಳ್ಳಿಕೊಂಡು ಬಂದು ಅಲ್ಲಿಗೆ ಸೇರಿಸುತ್ತದೆ.

ಫಿಲ್ಟರಿನಲ್ಲಿ ಮೂರು ಬಗೆ. ಸ್ಯಾಂಡ್ ಫಿಲ್ಟರ್ ಗಟ್ಟಿಮುಟ್ಟು, ನೋಡಿಕೊಳ್ಳುವುದು ಸುಲಭ, ವಾಲ್ವ್ ತಿರುಗಿಸಿ, ನೀರನ್ನು ಉಲ್ಟಾ ಹರಿಸಿ ಕೊಳೆ ತೊಳೆಯುವ ಬ್ಯಾಕ್‌ವಾಶ್ ಮಾಡಿದರೆ ಮುಗಿಯಿತು. ಆದರೆ ಪ್ರತಿ ಸಲ ನೂರಾರು ಲೀಟರ್ ನೀರು ಚರಂಡಿಗೆ ಹೋಗುತ್ತದೆ, ಅದು ಹಿಡಿಯುವ ಕಣ 20 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದೊಡ್ಡದಿರಬೇಕು. ಡಯಾಟಮ್ ಮಣ್ಣಿನ ನುಣ್ಣನೆಯ ಪುಡಿ ಬಳಸುವ ಡಿಇ ಫಿಲ್ಟರ್ 3ರಿಂದ 5 ಮೈಕ್ರಾನಿನ ಕಣವನ್ನೂ ಬಿಡುವುದಿಲ್ಲ, ನೀರು ಕನ್ನಡಿ ಥರ ಆಗುತ್ತದೆ, ಆದರೆ ಪ್ರತಿ ಬಾರಿ ತೊಳೆದ ಮೇಲೆ ಹೊಸ ಪುಡಿ ಹಾಕಬೇಕು, ಆ ಪುಡಿ ಮೂಗಿಗೆ ಹೋಗದ ಹಾಗೆ ಎಚ್ಚರ ಬೇಕು. ನಾವು ನಡುವಿನ, ಮಡಿಕೆ ಬಟ್ಟೆಯ ಸಿಲಿಂಡರ್ ಇರುವ ಕಾರ್ಟ್ರಿಜ್ ಫಿಲ್ಟರ್ ತಗೊಂಡೆವು, ಅದೂ ನಮ್ಮ ಕೊಳಕ್ಕೆ ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದು. ಬ್ಯಾಕ್‌ವಾಶ್ ಇಲ್ಲ, ನೀರು ಉಳಿಯುತ್ತದೆ. ಗೇಜಿನಲ್ಲಿ ಒತ್ತಡ ಶುರುವಿಗಿಂತ 8ರಿಂದ 10 ಪಿಎಸ್‌ಐ ಏರಿದಾಗ ಬಿಚ್ಚಿ ಪೈಪ್ ಹಿಡಿದು ತೊಳೆಯಬೇಕು. ಮೈಕೈ ಒದ್ದೆ ಆಗುವ ಕೆಲಸ. ಅದು ಬೇಡ ಅನ್ನುವವರು ಸ್ಯಾಂಡ್ ಫಿಲ್ಟರ್ ತಗೊಳ್ಳಿ.

ಈಗ ಸಾಲ್ಟ್ ಕ್ಲೋರಿನೇಟರ್. ಇದನ್ನು ಮಾರುವವರು "ಕ್ಲೋರಿನ್ ಬೇಡವೇ ಬೇಡ" ಅನ್ನುತ್ತಾರೆ. ನಮಗೂ ಹಾಗೇ ಹೇಳಿದರು. ಸುಳ್ಳು ಅದು. ಈ ಯಂತ್ರ ನೀರಿನಲ್ಲಿರುವ ಉಪ್ಪಿನಿಂದ ಕರೆಂಟ್ ಹಾಯಿಸಿ ಮಾಡುವುದೇ ಕ್ಲೋರಿನ್. ನಾವು ಡಬ್ಬದಿಂದ ಸುರಿಯುವ ಬದಲು ಅದು ದಿನವೂ ಸ್ವಲ್ಪ ಸ್ವಲ್ಪವೇ ತಯಾರಿಸುತ್ತದೆ, ಅಷ್ಟೇ. ಆದರೂ ನನಗೆ ಇದು ತುಂಬಾ ಇಷ್ಟ, ಯಾಕೆಂದರೆ ಕ್ಲೋರಿನ್ ಒಂದು ದಿನ ಜಾಸ್ತಿ, ಮರುದಿನ ಖಾಲಿ ಎಂದು ಏರಿಳಿಯದೆ ಒಂದೇ ಸಮ ಇರುತ್ತದೆ. ಲೀಟರಿಗೆ 3ರಿಂದ 3.5 ಗ್ರಾಂ ಉಪ್ಪು ಬೇಕು, ಸಮುದ್ರದ ನೀರಿನಲ್ಲಿ ಇರುವುದರ ಹತ್ತನೇ ಒಂದು ಭಾಗದಷ್ಟು. 45,000 ಲೀಟರಿಗೆ ಸುಮಾರು 145 ಕೆಜಿ. ಅಯೋಡಿನ್ ಇಲ್ಲದ ಶುದ್ಧ ಉಪ್ಪು ಹಾಕಿ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಚೆಲ್ಲಿ ಹೋದಷ್ಟು ಮಾತ್ರ ಮತ್ತೆ ಸೇರಿಸಿದರೆ ಸಾಕು.

ತಗೊಳ್ಳುವ ಮುಂಚೆ ಇದರ ತೊಂದರೆಗಳೂ ಗೊತ್ತಿರಲಿ. ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬುದರ ಅಳತೆ) ಮೇಲಕ್ಕೆ ಏರುತ್ತಲೇ ಇರುತ್ತದೆ, ಆಗಾಗ ಆಸಿಡ್ ಹಾಕಿ 7.2ರಿಂದ 7.8ರ ಒಳಗೆ ಇಳಿಸಬೇಕು. ಗಡಸು ನೀರಾದರೆ ಸೆಲ್ಲಿನ (ಯಂತ್ರದಲ್ಲಿ ಕ್ಲೋರಿನ್ ತಯಾರಾಗುವ ಭಾಗ) ತಗಡುಗಳ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದಕ್ಕೇ ತಾನಾಗಿ ಪೋಲಾರಿಟಿ (ಕರೆಂಟಿನ ದಿಕ್ಕು) ಬದಲಿಸಿ ಪೊರೆ ಉದುರಿಸುವ ಮಾಡೆಲ್ ಕೇಳಿ ತಗೊಳ್ಳಿ. ಸೆಲ್ ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷಕ್ಕೆ ಸವೆಯುತ್ತದೆ, ಹೊಸದಕ್ಕೆ ದುಡ್ಡು ಎತ್ತಿಡಬೇಕು. ಮೆತ್ತನೆಯ ಕಲ್ಲಿನ ಅಂಚು ಹಾಕಿಸಿದ್ದರೆ ಉಪ್ಪುನೀರು ಚಿಮ್ಮಿ ಚಿಮ್ಮಿ ಕಲ್ಲು ಪದರ ಏಳುತ್ತದೆ, ಸಾಧಾರಣ ಸ್ಟೀಲ್ ಏಣಿಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಕ್ಲೋರಿನೇಟರ್ ಬೇಕೋ ಬೇಡವೋ ಎಂಬುದನ್ನು ಕಲ್ಲು ಆರಿಸುವ ಮೊದಲೇ ತೀರ್ಮಾನ ಮಾಡಬೇಕು. ಬಿಸಿಲು ಬೀಳುವ ಕೊಳಕ್ಕೆ ಸ್ಟೆಬಿಲೈಸರ್ (ಬಿಸಿಲಿನಿಂದ ಕ್ಲೋರಿನ್ ಕಾಪಾಡುವ ಸಯನ್ಯೂರಿಕ್ ಆಸಿಡ್) ಕೂಡ ಬೇಕೇ ಬೇಕು. ಇಲ್ಲದಿದ್ದರೆ ಮಾಡಿದ ಕ್ಲೋರಿನ್ ಎಲ್ಲ ಕೆಲವೇ ಗಂಟೆಗಳಲ್ಲಿ ಬಿಸಿಲಿಗೆ ಹಾರಿಹೋಗುತ್ತದೆ. ರೋಗಾಣು ಕೊಲ್ಲುವ ಯುವಿ, ಓಜೋನ್ ಮಿಷಿನ್ನುಗಳನ್ನೂ ತೋರಿಸುತ್ತಾರೆ. ಅವು ಇದ್ದರೂ ನೀರಿನಲ್ಲಿ ಕ್ಲೋರಿನ್ ಇರಲೇಬೇಕು. ನಾವು ಹಾಕಿಸಲಿಲ್ಲ.

ತಳದ ಡ್ರೈನ್ ಬಗ್ಗೆ ಯಾರೂ ಕೇಳುವುದೇ ಇಲ್ಲ, ನನಗೆ ಬೇಜಾರು ಆಗುವುದೇ ಇಲ್ಲಿ. ಒಂದೇ ಡ್ರೈನ್ ಇದ್ದು ಅದನ್ನು ಮಗುವಿನ ಮೈ ಮುಚ್ಚಿದರೆ ಪಂಪಿನ ಎಳೆತದಿಂದ ಬಿಡಿಸಿಕೊಳ್ಳಲು ಆಗುವುದಿಲ್ಲ. ಕೂದಲೂ ಸಿಕ್ಕಿಕೊಳ್ಳುತ್ತದೆ. ಹೀಗೆ ಮಕ್ಕಳು ಸತ್ತಿದ್ದಾರೆ. ಅಮೆರಿಕದಲ್ಲಿ 2007ರಲ್ಲಿ ಡ್ರೈನ್ ಮುಚ್ಚಳದ ಬಗ್ಗೆ ಕಾನೂನೇ ಆಯಿತು. ಎರಡು ಡ್ರೈನ್ ಇರಲಿ, ನಡುವೆ ಒಂದು ಮೀಟರ್ ಆದರೂ ಅಂತರ ಇರಲಿ, ಮೇಲೆ ಉಬ್ಬಿದ ಸುರಕ್ಷಿತ ಮುಚ್ಚಳ ಇರಲಿ. ಕೊಳದ ಸುತ್ತ 1.2 ಮೀಟರ್ ಎತ್ತರದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟ್. ಈ ಖರ್ಚಿನಲ್ಲಿ ಚೌಕಾಸಿ ಬೇಡ, ದಯವಿಟ್ಟು.

ಒಳಗಿನ ಮೈಗೆ ಟೈಲ್ಸ್ ದುಬಾರಿ, ಬಾಳಿಕೆ ಜಾಸ್ತಿ. ಪ್ಲಾಸ್ಟರ್ ಅಗ್ಗ, ಆದರೆ ಬರಬರುತ್ತಾ ಒರಟಾಗಿ ಕಲೆ ಹಿಡಿಯುತ್ತದೆ. ನಾವು ನೀರಿನ ಮಟ್ಟದ ಸುತ್ತ ಮಾತ್ರ ಟೈಲ್ಸ್ ಹಾಕಿಸಿದೆವು, ಕೊಳೆಯ ಗೆರೆ ಕೂರುವುದೇ ಅಲ್ಲಿ, ಅದನ್ನು ಒರೆಸುವುದು ಸುಲಭ. ಬಣ್ಣ ತಿಳಿಯಾಗಿರಲಿ. ಗಾಢ ಬಣ್ಣದ ತಳ ಫೋಟೋದಲ್ಲಿ ಚೆನ್ನ, ಆದರೆ ಆಳ ಎಷ್ಟಿದೆ, ತಳದಲ್ಲಿ ಏನು ಬಿದ್ದಿದೆ ಎಂದು ಗೊತ್ತಾಗುವುದಿಲ್ಲ.

ಆಕಾರ ಆಯತವಾಗಿದ್ದರೆ ಒಳ್ಳೆಯದು, ಮುಖ್ಯವಾಗಿ ಕವರ್‌ಗಾಗಿ. ಕೊಳದಿಂದ ಶಾಖ ಹೋಗುವುದು ಬಹುಪಾಲು ಆವಿಯಾಗುವುದರಿಂದಲೇ, ಕವರ್ ಎಳೆದರೆ ನೀರೂ ಉಳಿಯುತ್ತದೆ, ಬಿಸಿಯೂ ಉಳಿಯುತ್ತದೆ, ಎಲೆಯೂ ಬೀಳುವುದಿಲ್ಲ. ಹೀಟರ್ ಕೊಳ್ಳುವ ಯೋಚನೆ ಇದ್ದರೂ ಕವರ್ ಮೊದಲು ತಗೊಂಡು ನೋಡಿ. ಅಂಕುಡೊಂಕಿನ ಕೊಳಕ್ಕೆ ಕವರ್ ಸುತ್ತುವ ರೋಲರ್ ಸರಿಯಾಗಿ ಕೂರುವುದಿಲ್ಲ. ಆಳ 1.1ರಿಂದ 1.5 ಮೀಟರ್ ಸಾಕು, ನಿಂತು ಆಡಲು, ಈಜಲು ಎರಡಕ್ಕೂ ಆಗುತ್ತದೆ. ಇಷ್ಟು ಆಳಕ್ಕೆ ತಲೆ ಕೆಳಗಾಗಿ ಧುಮುಕಲು ಯಾರನ್ನೂ ಬಿಡಬೇಡಿ. ನಮ್ಮಲ್ಲಿ ಎಲ್ಲರೂ ಹೆಚ್ಚು ಬಳಸುವುದು ಅಗಲವಾದ ಮೆಟ್ಟಿಲು ಮತ್ತು ನೀರೊಳಗಿನ ಕಟ್ಟೆ. ವಯಸ್ಸಾದವರು, ಚಿಕ್ಕ ಮಕ್ಕಳು ಅಲ್ಲೇ ಕೂರುತ್ತಾರೆ. ಸರಳು ಏಣಿ ಹಾಕಿಸಿದ್ದರೆ ಅವರು ಇಳಿಯುತ್ತಲೇ ಇರಲಿಲ್ಲ ಅಲ್ವಾ.

ರೋಬೋಟ್ ಕ್ಲೀನರ್ ಖಂಡಿತ ತಗೊಳ್ಳಿ. ಪಂಪಿನ ಹಂಗಿಲ್ಲದೆ ಓಡಾಡಿ ತಳ ಉಜ್ಜುತ್ತದೆ, ಕಸ ಅದರದೇ ಬುಟ್ಟಿಯಲ್ಲಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಎತ್ತಿ ನೆರಳಿನಲ್ಲಿ ಇಡಿ. ದೀಪ 12 ವೋಲ್ಟಿನ ಎಲ್‌ಇಡಿ ಇರಲಿ, ಮನೆ ಕಡೆಯ ಗೋಡೆಯಲ್ಲಿ ಕೂರಿಸಿ, ಆಗ ಬೆಳಕು ಮನೆಯಲ್ಲಿ ಕೂತವರ ಕಣ್ಣಿಗೆ ಹೊಡೆಯುವುದಿಲ್ಲ. ವೈರಿಂಗ್, ಅರ್ಥಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಆಗಬೇಕು. ಮೊಬೈಲ್ ಆ್ಯಪ್‌ನಿಂದ ಎಲ್ಲ ನಡೆಸುವ ಆಟೋಮೇಶನ್ ಸದ್ಯಕ್ಕೆ ಬೇಡ ಅನ್ನಿಸಿತು, ಪಂಪಿನಲ್ಲೇ ಟೈಮರ್ ಇದೆ.

ಪಂಪ್, ಫಿಲ್ಟರ್ ಕೂರಿಸುವ ಕಟ್ಟೆಯ ಸುತ್ತ ಕೈ ಆಡಿಸಲು ಜಾಗ ಬಿಡಿಸಿ. ಪ್ರತಿ ಸಾಮಾನಿನ ಎರಡೂ ಕಡೆ ಯೂನಿಯನ್ ಎಂಬ ಪೈಪ್ ಜೋಡಣೆ ಹಾಕಿಸಿ, ಮುಂದೆ ಪಂಪ್ ರಿಪೇರಿಗೆ ಬಂದರೆ ಪೈಪ್ ಕತ್ತರಿಸದೆ ತಿರುಗಿಸಿ ಬಿಚ್ಚಬಹುದು.