ಮೂರು ಕೋಟೆ ಕಟ್ಟಿ ನೋಡಿದೆ: ಲೆಗೋ ದೊಡ್ಡದು, ತ್ರೀ-ಇನ್-ಒನ್, ಮತ್ತೆ ಅಗ್ಗದ್ದು

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಈಗ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಕಟ್ಟಿದ ಎರಡು ಆಟಿಕೆ ಕೋಟೆ ಇವೆ. ಮೂರನೆಯದು ಅಡುಗೆಮನೆಯ ಹಳೆಯ ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ಇದೆ. ಮನೆಗೆ ಬಂದವರು ದೊಡ್ಡ ಕೋಟೆಯ ಮುಂದೆ ನಿಲ್ಲುತ್ತಾರೆ, ಫೋಟೊ ತೆಗೆಯುತ್ತಾರೆ. ನಾನು ರಾತ್ರಿ ಕೆಲಸ ಮುಗಿಸಿ ಕೂತಾಗ ಕೈ ಹೋಗುವುದು ಆ ಡಬ್ಬಿಗಳ ಕಡೆಗೆ. ಹೀಗೆ ಯಾಕಾಯಿತು ಅಂತ ಬರೆಯಬೇಕು ಅನ್ನಿಸಿತು. ಈ ಮೂರಕ್ಕೂ ಕೊಟ್ಟ ದುಡ್ಡು ಸಣ್ಣದಲ್ಲ, ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಇಂಥ ಸೆಟ್ ಕೂಡಿಸುವವರು ನಾನೊಬ್ಬಳೇ ಅಲ್ಲ, ತಗೊಳ್ಳುವ ಮೊದಲು ಇನ್ನೊಬ್ಬರು ಕಟ್ಟಿ ನೋಡಿದ್ದನ್ನು ಓದಿದರೆ ಅನುಕೂಲ ಅಲ್ವಾ.

ನನಗೆ 41 ವರ್ಷ. ಮಕ್ಕಳಿಗೆ ಅಂತ ತಂದದ್ದಲ್ಲ, ನನಗೇ ಅಂತ ತಂದದ್ದು. ಚಿಕ್ಕವಳಿದ್ದಾಗ ನಾನು ನೋಡಿದ ಪ್ಲಾಸ್ಟಿಕ್ ಇಟ್ಟಿಗೆ ಅಂದರೆ ಸಿದ್ಧಾರೂಢರ ಜಾತ್ರೆಯಲ್ಲಿ ಚೀಲದಲ್ಲಿ ಕಟ್ಟಿ ಮಾರುತ್ತಿದ್ದ ಇಪ್ಪತ್ತು ಮೂವತ್ತು ತುಂಡು. ಅದರಲ್ಲಿ ಒಂದು ಗೋಡೆ ಆಗುತ್ತಿತ್ತು, ಕೋಟೆ ಆಗುತ್ತಿರಲಿಲ್ಲ. ಕೋಟೆ, ರಾಜ, ಡ್ರ್ಯಾಗನ್, ಕಾಡಿನಲ್ಲಿ ಅಡಗಿದ ಮಂದಿ, ಇದೆಲ್ಲ ಬೇಕು ಅನ್ನುವ ಆಸೆ ಅವತ್ತಿನಿಂದ ಹಾಗೇ ಉಳಿದಿತ್ತು.

ದೊಡ್ಡದರಿಂದ ಶುರು ಮಾಡುತ್ತೇನೆ. ಇಂಥ ಇಟ್ಟಿಗೆ ಆಟಿಕೆ ಮಾಡುವ ಲೆಗೋ ಕಂಪನಿಯ ಲಯನ್ ನೈಟ್ಸ್ ಕ್ಯಾಸಲ್, ನಂಬರ್ 10305. ಕಂಪನಿಗೆ 90 ವರ್ಷ ತುಂಬಿದ 2022ರಲ್ಲಿ ಬಂದ ಸೆಟ್. 4,514 ಪೀಸ್, 22 ಮಿನಿಫಿಗರ್, ಅಂದರೆ ಸಣ್ಣ ಬೊಂಬೆಗಳು. ಅಮೆರಿಕದಲ್ಲಿ ಬಿಡುಗಡೆಯಾದಾಗ ಬೆಲೆ 400 ಡಾಲರ್. ನಮ್ಮಲ್ಲಿ ಇಂಥ ಸೆಟ್ ಇಷ್ಟು ದುಬಾರಿ ಆಗುವುದಕ್ಕೆ ಆಮದು ಸುಂಕ ಒಂದು ಕಾರಣ. ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿಸಿದರು, 2023ರಲ್ಲಿ 70 ಮಾಡಿದರು. ಎರಡು ವರ್ಷ ಕಟ್ಟಿದ ಭಿಶಿ (ಚೀಟಿ) ಎತ್ತಿ, ಆ ದುಡ್ಡಿನಲ್ಲಿ ನಾನು ತಗೊಂಡೆ.

ದಿನಕ್ಕೆ ಒಂದೂವರೆ ಗಂಟೆಯಂತೆ 24 ರಾತ್ರಿ ಕಟ್ಟಿದ್ದೇನೆ. ಅದರಲ್ಲಿ ಒಂದು ರಾತ್ರಿಯೂ ಬೇಸರ ಆಗಲಿಲ್ಲ. ಕೋಟೆ ಎರಡು ಭಾಗವಾಗಿ ಬಾಗಿಲಿನ ಹಾಗೆ ತೆರೆಯುತ್ತದೆ, ಒಳಗೆ ಅಡುಗೆಮನೆ, ಊಟದ ಪಡಸಾಲೆ, ಮಲಗುವ ಕೋಣೆ, ಕೆಳಗೆ ಕತ್ತಲ ಸೆರೆಮನೆ. ತೂಗುಸೇತುವೆ ಏರಿಳಿಯುತ್ತದೆ, ನೀರಿನ ಚಕ್ರ ತಿರುಗುತ್ತದೆ. ಕಾಡಿನ ಮಂದಿ ಕೋಟೆಯೊಳಗೇ ಅಡಗಿರುವ ಒಂದು ಗುಪ್ತ ಜಾಗ ಇದೆ, ಅದನ್ನು ಕಟ್ಟಿದ ರಾತ್ರಿ ನಾನು ಮಲಗುವಾಗ ಒಂದು ಗಂಟೆ ದಾಟಿತ್ತು. ಸಿಂಹದ ಗುರುತಿನ ಸೈನಿಕರು ಲೆಗೋದಲ್ಲಿ 1984ರಲ್ಲಿ ಬಂದವರು, ಕಾಡಿನ ಮಂದಿ 1987ರವರು. ಆಗ ಆಡಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರ ನೆನಪಿಗೆ ಅಂತಲೇ ಮಾಡಿದ ಸೆಟ್ ಇದು. ನನಗೆ ಆ ನೆನಪು ಇಲ್ಲ. ಆದರೂ ಸಂತೋಷಕ್ಕೆ ಕೊರತೆ ಆಗಲಿಲ್ಲ.

ಇನ್ನು ಹಿಡಿತ. ಒಂದು ಇಟ್ಟಿಗೆ ಇನ್ನೊಂದರ ಮೇಲೆ ಕೂತಾಗ ಬರುವ ಆ ಸಣ್ಣ ಟಕ್ ಸದ್ದು, ಬಿಡದೆ ಹಿಡಿದುಕೊಳ್ಳುವುದು, ಬೇಕೆಂದಾಗ ಬೆರಳಿಗೆ ನೋವಾಗದಂತೆ ಬಿಚ್ಚಿಕೊಳ್ಳುವುದು, ಇವೆಲ್ಲ ಸೇರಿ ಹಿಡಿತ. ಇಟ್ಟಿಗೆಯ ಮೇಲೆ ಉಬ್ಬಿರುವ ಗುಂಡಿಯಿಂದ ಗುಂಡಿಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳ್ಳನೆಯ ಪ್ಲೇಟ್ 3.2. ಮೂರು ಪ್ಲೇಟ್ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಒಂದು ಇಟ್ಟಿಗೆ. ಒಳಗೆ ಕೊಳವೆ ಇರುವ ಈ ಇಟ್ಟಿಗೆಗೆ ಪೇಟೆಂಟ್ ಹಾಕಿದ್ದು 1958ರ ಜನವರಿ 28ಕ್ಕೆ. ಆ ವರ್ಷದ ಇಟ್ಟಿಗೆ ಇವತ್ತಿನದರ ಮೇಲೂ ಕೂರುತ್ತದೆ. ನಾಲ್ಕೂವರೆ ಸಾವಿರ ಪೀಸ್ ಕೂಡಿಸುವಾಗ ಈ ಅಳತೆಯ ಬೆಲೆ ಗೊತ್ತಾಗುತ್ತದೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ನಲವತ್ತನೇ ಸಾಲಿಗೆ ಬರುವಷ್ಟರಲ್ಲಿ ಗೋಡೆ ವಾಲುತ್ತದೆ.

ಈ ಮಾತಿನ ಅರ್ಥ ನನಗೆ ತಿಳಿದದ್ದು ಅಗ್ಗದ ಕೋಟೆಯಲ್ಲಿ.

ಅದನ್ನು ಇಲ್ಲೇ ನಮ್ಮೂರಿನ ಒಂದು ಅಂಗಡಿಯಲ್ಲಿ ತಗೊಂಡೆ, ಕಂಪನಿಯ ಹೆಸರು ಬೇಡ. ಸುಮಾರು 2,100 ಪೀಸ್, ಕೊಟ್ಟದ್ದು 3,400 ರೂಪಾಯಿ. ಬಾಕ್ಸಿನ ಮೇಲೆ ಕಪ್ಪು ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆ ಸುತ್ತಿಕೊಂಡ ಕೆಂಪು ಡ್ರ್ಯಾಗನ್. ಚಿತ್ರ ನೋಡಿಯೇ ಮನಸ್ಸು ಸೋತಿತು. ಇದು ಕದ್ದ ಮಾಲು ಅಂತ ತಿಳಿಯಬೇಡಿ, ವಿನ್ಯಾಸ ಅವರದೇ. ಇಟ್ಟಿಗೆಯ ಹಳೆಯ ಪೇಟೆಂಟ್‌ಗಳ ಅವಧಿ ಮುಗಿದು ಎಷ್ಟೋ ಕಾಲ ಆಯಿತು. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಲೆಗೋ ಹೋದಾಗ ಯುರೋಪಿನ ಕೋರ್ಟು 2010ರಲ್ಲಿ ಒಪ್ಪಲಿಲ್ಲ. ಹಾಗಾಗಿ ಅದಕ್ಕೆ ಹೊಂದುವ ಇಟ್ಟಿಗೆಯನ್ನು ಬೇರೆ ಕಂಪನಿ ಮಾಡಬಹುದು. ಮಿನಿಫಿಗರಿನ ಆಕಾರಕ್ಕೆ ಮಾತ್ರ ರಕ್ಷಣೆ ಉಳಿದಿದೆ, ಅದಕ್ಕೇ ಬೇರೆ ಕಂಪನಿಗಳ ಬೊಂಬೆಗಳ ಕಾಲು, ಮೈ ಸ್ವಲ್ಪ ಬೇರೆ ಥರ ಇರುತ್ತವೆ. ಇನ್ನೊಬ್ಬರ ಸೆಟ್ಟನ್ನು ಪೀಸಿಗೆ ಪೀಸ್ ನಕಲು ಮಾಡಿ ಬಾಕ್ಸಿನ ಚಿತ್ರವನ್ನೂ ಕದ್ದು ಮಾರುವುದು ಬೇರೆ ವಿಷಯ, ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಯಾರೋ ಒಬ್ಬರು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು.

ಅಗ್ಗದ ಕೋಟೆಯ ಕೆಳಗಿನ ಬೆಟ್ಟ ಚೆನ್ನಾಗಿ ಬಂತು. ತೊಂದರೆ ಗೋಡೆಯಲ್ಲಿ. ಕೆಲವು ಇಟ್ಟಿಗೆ ಸಡಿಲ, ಇನ್ನು ಕೆಲವು ಎಷ್ಟು ಬಿಗಿ ಅಂದರೆ ಒತ್ತಿ ಒತ್ತಿ ಹೆಬ್ಬೆರಳಿನ ಉಗುರಿನ ಸುತ್ತ ಬಾತುಕೊಂಡಿತು. ಒಂದೇ ಗೋಡೆಯಲ್ಲಿ ಎರಡು ಥರದ ಬೂದು ಬಣ್ಣ. ಇನ್ಸ್ಟ್ರಕ್ಷನ್ ಪುಸ್ತಕದಲ್ಲಿ ಕಪ್ಪು ಯಾವುದು, ಕಂದು ಯಾವುದು ಅಂತ ಟ್ಯೂಬ್‌ಲೈಟ್ ಬೆಳಕಿನಲ್ಲಿ ತಿಳಿಯುತ್ತಿರಲಿಲ್ಲ, ಬೆಳಗ್ಗೆ ಕಿಟಕಿಯ ಹತ್ತಿರ ಹೋಗಿ ನೋಡಬೇಕಿತ್ತು. ಕೊನೆಗೆ ಆರು ಪೀಸ್ ಇರಲೇ ಇಲ್ಲ. ಅಂಗಡಿಯವರು 'ನಾವೇನ್ ಮಾಡೂಣ್ರೀ ಮೇಡಂ, ಬಾಕ್ಸ್ ಹ್ಯಾಂಗ್ ಬಂದಿರ್ತದ ಹಂಗ ಕೊಟ್ಟೀವಿ' ಅಂದರು. ಇನ್ನೊಂದು ಮುಖ್ಯ ವಿಷಯ: 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಗಿದೆ. ಈ ಬಾಕ್ಸಿನ ಮೇಲೆ ಅದು ಇಲ್ಲ ಅಂತ ನಾನು ನೋಡಿದ್ದು ಮನೆಗೆ ಬಂದ ಮೇಲೆ. ನೀವು ಅಂಗಡಿಯಲ್ಲೇ ನೋಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಬಿಡಬೇಡಿ.

ಆದರೆ ಆ ಕೆಂಪು ಡ್ರ್ಯಾಗನ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಕುತ್ತಿಗೆಯ ತಿರುವು, ಬೆನ್ನಿನ ಮುಳ್ಳು, ಬಾಲ ಗೋಪುರಕ್ಕೆ ಸುತ್ತಿಕೊಂಡ ರೀತಿ, ಯಾರೋ ಪ್ರೀತಿಯಿಂದ ಮಾಡಿದ್ದಾರೆ. ರೆಕ್ಕೆ ಮುಟ್ಟಿದರೆ ಬೀಳುತ್ತದೆ, ಹಾಗಾಗಿ ಯಾರೂ ಮುಟ್ಟದಂತೆ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ದೂರದಿಂದ ನೋಡಿದರೆ ಮೂರರಲ್ಲಿ ಕಥೆ ಜಾಸ್ತಿ ಇರುವುದು ಅದರಲ್ಲೇ.

ಮೂರನೆಯದು ಲೆಗೋ ಕ್ರಿಯೇಟರ್ ತ್ರೀ-ಇನ್-ಒನ್ ಮಿಡೀವಲ್ ಕ್ಯಾಸಲ್, ನಂಬರ್ 31120. 2021ರ ಸೆಟ್, 1,426 ಪೀಸ್, ಅಮೆರಿಕದ ಬೆಲೆ 100 ಡಾಲರ್. ಪೀಸಿನ ಲೆಕ್ಕ ಹಾಕಿದರೆ ದೊಡ್ಡ ಕೋಟೆಯಲ್ಲಿ ಒಂದು ಪೀಸಿಗೆ ಸುಮಾರು 9 ಸೆಂಟ್, ಇದರಲ್ಲಿ 7. ಅದೇ ಪೀಸುಗಳಿಂದ ಕೋಟೆ ಕಟ್ಟಬಹುದು, ಬಿಚ್ಚಿ ಒಂದು ಗೋಪುರ ಕಟ್ಟಬಹುದು, ಮತ್ತೆ ಬಿಚ್ಚಿ ಒಂದು ಸಂತೆಪೇಟೆ ಕಟ್ಟಬಹುದು. ಜೊತೆಗೆ ಇಟ್ಟಿಗೆಯಲ್ಲೇ ಕಟ್ಟುವ ಒಂದು ಡ್ರ್ಯಾಗನ್ ಇದೆ. ಬೊಂಬೆ ಕಮ್ಮಿ. ಪಕ್ಕದಲ್ಲಿಟ್ಟರೆ ದೊಡ್ಡ ಕೋಟೆಯ ಹಟ್ಟಿಯಷ್ಟು ಕಾಣುತ್ತದೆ. ಮೊದಲು ನೋಡಿದಾಗ ನನಗೂ ಇಷ್ಟೇನಾ ಅನ್ನಿಸಿತ್ತು.

ಆಮೇಲೆ ಬೇಸಿಗೆ ರಜೆಗೆ ಹಾವೇರಿಯಿಂದ ಅಕ್ಕನ ಮಗ ಬಂದ. ದೊಡ್ಡ ಕೋಟೆ ನೋಡಿದ, ತೂಗುಸೇತುವೆ ಎರಡು ಸಲ ಏರಿಸಿ ಇಳಿಸಿದ, 'ಮೌಶಿ, ಇದನ್ನ ಬಿಚ್ಚೂಣೇನ?' ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ 'ಬ್ಯಾಡಪ್ಪಾ, ಅಷ್ಟ್ ರೊಕ್ಕಾ ಕೊಟ್ಟಾಳ, ಹಂಗ ಇರ್ಲಿ' ಅಂದರು. ನಿಜ ಹೇಳಬೇಕೆಂದರೆ ನನಗೂ ಅದೇ ಅನ್ನಿಸಿತ್ತು. 24 ರಾತ್ರಿಯ ಕೆಲಸ. ಬಿಚ್ಚಿದರೆ ಮತ್ತೆ ಯಾವಾಗ ಕಟ್ಟುವುದು? ಹಾಗಾಗಿ ಇಬ್ಬರೂ ಕೂತು ಚಿಕ್ಕ ಕೋಟೆ ಬಿಚ್ಚಿದೆವು. ಮಧ್ಯಾಹ್ನ ಗೋಪುರ ಆಯಿತು. ಮರುದಿನ ಅದನ್ನೂ ಬಿಚ್ಚಿ ಸಂತೆ ಮಾಡಿದೆವು. ಅದರ ಮರುದಿನ ಅವನು ಪುಸ್ತಕ ಮುಚ್ಚಿಟ್ಟು ತನ್ನ ಮನಸ್ಸಿಗೆ ಬಂದ ಹಾಗೆ ಒಂದು ಅಗಸಿ ಬಾಗಿಲು ಕಟ್ಟಿದ, ಅದರ ಮೇಲೆ ಡ್ರ್ಯಾಗನ್ ಕೂರಿಸಿದ.

ಅವತ್ತು ನನಗೆ ಚಿಕ್ಕವಳಿದ್ದಾಗ ಮಾಡುತ್ತಿದ್ದ ಮಣ್ಣಿನ ಗುಳ್ಳವ್ವ ನೆನಪಾದಳು. ಆಷಾಢದ ಮಂಗಳವಾರ ಹುತ್ತದ ಮಣ್ಣು ತಂದು, ಕಲಸಿ, ಗುಲಗಂಜಿ ಒತ್ತಿ ಸಿಂಗಾರ ಮಾಡುತ್ತಿದ್ದೆವು. ಮುಂದಿನ ಮಂಗಳವಾರ ಮತ್ತೆ ಹೊಸ ಮಣ್ಣು, ಹೊಸ ಗುಳ್ಳವ್ವ. ಹಳೆಯದನ್ನು ಕಳಿಸುವಾಗ ದುಃಖ ಆಗುತ್ತಿರಲಿಲ್ಲ, ಮುಂದಿನ ವಾರ ಇನ್ನೂ ಚಂದ ಮಾಡುತ್ತೇನೆ ಅನ್ನುವ ಹುರುಪು ಇರುತ್ತಿತ್ತು. ತ್ರೀ-ಇನ್-ಒನ್ ನನಗೆ ಆ ಹುರುಪನ್ನು ಕೊಡುತ್ತದೆ. ದೊಡ್ಡ ಕೋಟೆ ಅದನ್ನು ಕೊಡುವುದಿಲ್ಲ, ಎಷ್ಟು ಚಂದ ಇದ್ದರೂ. ಅಗ್ಗದ್ದಂತೂ ಒಂದು ಸಲ ಬಿಚ್ಚಿ ಕಟ್ಟಿದರೆ ಇರುವ ಹಿಡಿತವೂ ಹೋಗುತ್ತದೆ. ಒಂದು ಮೂಲೆಯಲ್ಲಿ ಮಾಡಿ ನೋಡಿದ್ದೇನೆ.

ಧೂಳಿನ ಮಾತು ಸ್ವಲ್ಪ. ಹುಬ್ಬಳ್ಳಿಯ ಧೂಳು ಗಾಜಿನ ಕಪಾಟಿನೊಳಗೂ ಬರುತ್ತದೆ. ಮೇಕಪ್ ಬ್ರಶ್ಶಿನಲ್ಲಿ ವಾರಕ್ಕೊಮ್ಮೆ ಒರೆಸಿದರೆ ಸಾಕು, ಒದ್ದೆ ಬಟ್ಟೆ ಬೇಡ. ಬಿಸಿಲು ನೇರ ಬೀಳುವ ಜಾಗದಲ್ಲಿ ಇಡಬೇಡಿ, ಬಿಳಿ ಮತ್ತು ಬೂದು ಇಟ್ಟಿಗೆ ಹಳದಿಗೆ ತಿರುಗುತ್ತವೆ. ಧಾರವಾಡದ ಮಳೆಗಾಲದಲ್ಲಿ ಇಟ್ಟಿಗೆಗೆ ಏನೂ ಆಗುವುದಿಲ್ಲ, ರಟ್ಟಿನ ಬಾಕ್ಸಿಗೆ ಬೂಸಲು ಹಿಡಿಯುತ್ತದೆ. ಚಿಕ್ಕ ಕೋಟೆಗೆ ಈ ಚಿಂತೆ ಇಲ್ಲ, ಬಿಚ್ಚಿದಾಗ ಜರಡಿಯಲ್ಲಿ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಬಟ್ಟೆಯ ಮೇಲೆ ಹರವುತ್ತೇನೆ.

ಬಾಕ್ಸ್ ಒಡೆಯದೆ ಇಟ್ಟರೆ ಮುಂದೆ ಬೆಲೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅವರಿಗೆ ಮೇಕೆಯ ಕಥೆ ಹೇಳಬೇಕು. 2011ರ ಮಿಲ್ ವಿಲೇಜ್ ರೇಡ್ ಸೆಟ್ಟಿನಲ್ಲಿ ಲೆಗೋ ಒಂದು ಮೇಕೆ ಕೊಟ್ಟಿತ್ತು, ಆಮೇಲೆ ಮಾಡಲೇ ಇಲ್ಲ. ಅಂಗೈಯಲ್ಲಿ ಮುಚ್ಚಿಹೋಗುವ ಆ ಪ್ಲಾಸ್ಟಿಕ್ ಮೇಕೆಗೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಒಂದು ಸಣ್ಣ ಸೆಟ್ಟಿನಷ್ಟು ಬೆಲೆ ಆಗಿತ್ತು. 2024ರಲ್ಲಿ 3,304 ಪೀಸಿನ ಮಿಡೀವಲ್ ಟೌನ್ ಸ್ಕ್ವೇರ್ ಬಂತು, ಮೇಕೆ ವಾಪಸ್ ಬಂತು, ಹಳೆಯ ಮೇಕೆಯ ಬೆಲೆ ಇಳಿಯಿತು. ಕಟ್ಟುವ ಆಸೆಗೆ ತಗೊಳ್ಳಿ, ಬೆಲೆ ಏರುವ ಆಸೆಗೆ ಬೇಡ.

ಈಗ ಅಡುಗೆಮನೆಯ ಆ ಡಬ್ಬಿಗಳ ವಿಷಯ. ಗದಗಿನ ಹತ್ತಿರದ ಲಕ್ಕುಂಡಿಗೆ ಹೋದಾಗಲೆಲ್ಲ ನಾನು ಮಕರದ ಮುಂದೆ ನಿಲ್ಲುತ್ತೇನೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಿಂದೆ ಬಳ್ಳಿಯಂತೆ ಸುರುಳಿ ಸುತ್ತಿದ ಬಾಲ. ಕಲ್ಪನೆಯ ಪ್ರಾಣಿ ಅಂದರೆ ಡ್ರ್ಯಾಗನ್ ಒಂದೇ ಯಾಕಾಗಬೇಕು? ಸಾವಿರ ವರ್ಷದ ಹಿಂದೆ ನಮ್ಮ ಶಿಲ್ಪಿಗಳು ಇದನ್ನು ಕಲ್ಲಿನಲ್ಲಿ ಕಂಡಿದ್ದರಲ್ಲ! ಆ ಡಬ್ಬಿಗಳಲ್ಲಿರುವ ತ್ರೀ-ಇನ್-ಒನ್ ಇಟ್ಟಿಗೆಯಿಂದ ಅದನ್ನು ಕಟ್ಟುತ್ತಿದ್ದೇನೆ. ಮೊದಲು ಸ್ಟುಡಿಯೋ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಚಿತ್ರ ಮಾಡಿಕೊಂಡೆ. ಸೊಂಡಿಲಿಗೆ ಬಾಲ್ ಜಾಯಿಂಟ್ ಹಾಕಿದೆ, ಬೇಕಾದ ಕಡೆ ಬಾಗುತ್ತದೆ. ಕೆಳಗಿನ ಪೀಠಕ್ಕೆ ಡಂಬಳದ ದೊಡ್ಡ ಬಸಪ್ಪನ ಗುಡಿಯ ನಕ್ಷತ್ರದ ಆಕಾರ ಬೇಕು ಅನ್ನಿಸಿತು. ಆ ಗುಡಿಯ ನಕ್ಷತ್ರಕ್ಕೆ 24 ಮೂಲೆ. ಒಂದೇ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಬರೆದರೆ ಬರುವ ಆಕಾರ. ಇಟ್ಟಿಗೆಯಲ್ಲಿ ನನಗೆ ಅಷ್ಟು ಆಗಲಿಲ್ಲ. ಎರಡು ಚೌಕ ಮಾಡಿ, ಮೇಲಿನದನ್ನು ಮಧ್ಯದ ಒಂದೇ ಗುಂಡಿಯ ಮೇಲೆ ಕೂರಿಸಿ 45 ಡಿಗ್ರಿ ತಿರುಗಿಸಿದೆ. ಎಂಟು ಮೂಲೆ ಬಂತು. ಒಂದೇ ಗುಂಡಿಯ ಮೇಲೆ ಮಕರದ ಭಾರವೆಲ್ಲ ನಿಂತಿದೆ, ಅಲುಗುವುದಿಲ್ಲ. ಹಿಡಿತ ಅಂದರೆ ಇದು. ಪೀಠದ ಹೊಟ್ಟೆ ತುಂಬಿಸಲು, ಹೊರಗೆ ಕಾಣದ ಜಾಗಕ್ಕೆ, ಅಗ್ಗದ ಸೆಟ್ಟಿನಲ್ಲಿ ಉಳಿದಿದ್ದ ಬಿಡಿ ಇಟ್ಟಿಗೆ ಹಾಕಿದ್ದೇನೆ, ಅಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ.

ಹಾಗಾಗಿ ನನ್ನನ್ನು ಕೇಳಿದರೆ: ಒಂದೇ ಒಂದು ಸೆಟ್, ಅದನ್ನು ಕಟ್ಟಿ ಕಣ್ಣ ಮುಂದೆ ಇಟ್ಟುಕೊಳ್ಳಬೇಕು, ದುಡ್ಡೂ ಇದೆ ಅಂದರೆ ದೊಡ್ಡ ಕೋಟೆ 10305 ತಗೊಳ್ಳಿ, ಕಟ್ಟುವ ಸುಖದಲ್ಲಿ ಅದನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಕೈ ಸುಮ್ನೆ ಇರಲ್ಲ ಅನ್ನುವವರು ತ್ರೀ-ಇನ್-ಒನ್ ತಗೊಳ್ಳಿ, ಆದರೆ ಎರಡು ಬಾಕ್ಸ್. ಒಂದರಲ್ಲಿ ಗೋಡೆಗೆ ಬೂದು ಇಟ್ಟಿಗೆ ಸಾಲುವುದಿಲ್ಲ. ಎರಡು ತಗೊಂಡರೂ ದೊಡ್ಡದರ ಅರ್ಧ ಬೆಲೆ. 31120 ಸಿಗದಿದ್ದರೆ 2025ರಲ್ಲಿ ಬಂದ 31168 ಕೂಡ ತ್ರೀ-ಇನ್-ಒನ್ ಕೋಟೆಯೇ. ಹಳೆಯ ಬಿಡಿ ಇಟ್ಟಿಗೆ ಕೂಡಿಸುವುದಾದರೆ ಬಣ್ಣ ನೋಡಿಕೊಳ್ಳಿ, 2004ರ ಸುಮಾರಿಗೆ ಲೆಗೋ ತನ್ನ ಬೂದು ಬಣ್ಣವನ್ನೇ ಬದಲಿಸಿತು, ಹಳೆಯದು ಹೊಸದರ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ. ಅಗ್ಗದ್ದನ್ನು ಡ್ರ್ಯಾಗನ್‌ಗಾಗಿ ತಗೊಳ್ಳಬಹುದು, ಕೋಟೆಗಾಗಿ ಬೇಡ.

ಮಕರದ ಬಾಲದ ಸುರುಳಿಗೆ ಇನ್ನೂ 14 ಬಾಗಿದ ಪೀಸ್ ಬೇಕು. ಅಕ್ಕನ ಮಗನ ಹತ್ತಿರ ಇಂಥದ್ದೇ ಒಂದಷ್ಟು ಇವೆಯಂತೆ, ದಸರೆಗೆ ಬರುವಾಗ ತರುತ್ತೇನೆ ಅಂದಿದ್ದಾನೆ.