ಜಠರ ಕ್ಯಾನ್ಸರ್ ಲೆಕ್ಕಕ್ಕೆ ‘ಕ್ಯಾನ್ಸರ್ ಟುಡೇ’: ನಕ್ಷೆ ನಂಬುವ ಮುನ್ನ

ಯಾವ ದೇಶದಲ್ಲಿ ಜಠರ ಕ್ಯಾನ್ಸರ್ ಎಷ್ಟಿದೆ ಎಂದು ಹುಡುಕಿ ಹೊರಟವರು ಬಹುಪಾಲು ಬಂದು ಸೇರುವುದು ‘ಕ್ಯಾನ್ಸರ್ ಟುಡೇ’ ಜಾಲತಾಣಕ್ಕೆ. ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತಿದೆ. ಗ್ಲೋಬೋಕ್ಯಾನ್ ಎಂಬ ಹೆಸರಿನ, ಇದೇ ಸಂಸ್ಥೆಯ 2022ರ ಅಂದಾಜುಗಳು 185 ದೇಶಗಳಿಗೆ, 36 ಬಗೆಯ ಕ್ಯಾನ್ಸರ್‌ಗಳಿಗೆ ಇಲ್ಲಿ ಸಿಗುತ್ತವೆ. ವಿಶ್ವದಲ್ಲಿ ಆ ವರ್ಷ ಜಠರ ಕ್ಯಾನ್ಸರ್ ಒಂದರಲ್ಲೇ ಸುಮಾರು 9.7 ಲಕ್ಷ ಹೊಸ ರೋಗಿಗಳು, 6.6 ಲಕ್ಷ ಸಾವು.

ಬಳಕೆ ಸಲೀಸು. ಕ್ಯಾನ್ಸರ್, ಲಿಂಗ, ವಯಸ್ಸು, ದೇಶ ಆರಿಸಿದರೆ ನಕ್ಷೆ ಬರುತ್ತದೆ, ಕೋಷ್ಟಕವನ್ನು ಇಳಿಸಿಕೊಳ್ಳಬಹುದು. ದೇಶ ದೇಶಗಳನ್ನು ಹೋಲಿಸುವಾಗ ವಯಸ್ಸಿಗೆ ಹೊಂದಿಸಿದ ದರವನ್ನೇ ಆರಿಸಿ. ಜಠರ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ರೋಗ. ಎಳೆಯರೇ ಹೆಚ್ಚಿರುವ ದೇಶದಲ್ಲಿ ಕಚ್ಚಾ ದರ (ವಯಸ್ಸಿಗೆ ಹೊಂದಿಸದ ದರ) ತಾನಾಗಿಯೇ ತಗ್ಗಿ, ರೋಗವೇ ಕಡಿಮೆ ಎಂಬ ಭ್ರಮೆ ಹುಟ್ಟಿಸುತ್ತದೆ. ಇಲ್ಲಿನ ದರ ವಿಶ್ವ ಮಾನಕ ಜನಸಂಖ್ಯೆಗೆ, ಅಂದರೆ ಹೋಲಿಕೆಗೆಂದು ಒಪ್ಪಿಕೊಂಡ ಒಂದು ವಯೋಮಾನದ ಹಂಚಿಕೆಗೆ, ಹೊಂದಿಸಿದ್ದು. ಅಮೆರಿಕದ ವರದಿಗಳು ಬಳಸುವ 2000ನೇ ಇಸವಿಯ ಮಾನಕದ ದರಗಳ ಪಕ್ಕ ಇದನ್ನಿಟ್ಟು ಹೋಲಿಸಬಾರದು. ಹಳೆಯ ಗ್ಲೋಬೋಕ್ಯಾನ್ ಆವೃತ್ತಿಯ ಜೊತೆ ಹೋಲಿಸಿ ಏರಿತು, ಇಳಿಯಿತು ಎನ್ನುವುದೂ ತಪ್ಪು. ನಡುವೆ ಲೆಕ್ಕದ ವಿಧಾನವೇ ಬದಲಾಗಿರುತ್ತದೆ.

ನಮ್ಮ ದೊಡ್ಡ ತಕರಾರು ನಕ್ಷೆಯ ಬಣ್ಣದ ಮೇಲೆ. ದಶಕಗಳಿಂದ ಕ್ಯಾನ್ಸರ್ ರೋಗಿಗಳನ್ನು ನೋಂದಾಯಿಸುತ್ತ ಬಂದಿರುವ ಜಪಾನ್‌ಗೂ, ಕ್ಯಾನ್ಸರ್ ನೋಂದಣಿಯೇ ಇಲ್ಲದ ದೇಶಕ್ಕೂ ಒಂದೇ ರೀತಿ ಬಣ್ಣ ತುಂಬಿದ್ದಾರೆ. ದೇಶದ ಮೇಲೆ ಮೌಸ್ ಇಟ್ಟರೆ ದಶಾಂಶ ಸಮೇತ ಒಂದು ಸಂಖ್ಯೆ ಮೂಡುತ್ತದೆ. ಎರಡನೆಯ ದೇಶದ ಸಂಖ್ಯೆ ನೆರೆದೇಶಗಳ ದರದಿಂದ ತಂದ ಅಂದಾಜು ಆಗಿರಬಹುದು. ಇದನ್ನು ಸಂಸ್ಥೆ ಮುಚ್ಚಿಟ್ಟಿಲ್ಲ, ವಿಧಾನದ ಪುಟದಲ್ಲಿ ದೇಶವಾರು ಬರೆದಿದೆ. ಆದರೆ ನಕ್ಷೆ ನೋಡುವವರಲ್ಲಿ ಆ ಪುಟ ತೆರೆಯುವವರು ಎಷ್ಟು ಮಂದಿ? ನೀವು ಮೊದಲು ತೆರೆಯಬೇಕಾದ್ದೇ ಅದು.

ನೋಂದಣಿ ಇದ್ದರೂ ಅದರ ಗುಣಮಟ್ಟ ನೋಡಿ. ಇದೇ ಸಂಸ್ಥೆಯ ‘ಐದು ಖಂಡಗಳ ಕ್ಯಾನ್ಸರ್ ಪ್ರಮಾಣ’ ಸಂಪುಟಗಳಲ್ಲಿ ಅದಕ್ಕೆ ಬೇಕಾದ ಸೂಚಕಗಳಿವೆ. ಮರಣ ಪತ್ರದಿಂದ ಮಾತ್ರ ಗೊತ್ತಾದ ಪ್ರಕರಣ ಹೆಚ್ಚಿದ್ದರೆ, ಬದುಕಿದ್ದಾಗ ರೋಗಿ ಲೆಕ್ಕಕ್ಕೇ ಸಿಕ್ಕಿಲ್ಲ ಎಂದರ್ಥ. ಬಯಾಪ್ಸಿಯಿಂದ (ಅಂಗಾಂಶದ ತುಣುಕು ತೆಗೆದು ಮಾಡುವ ಪರೀಕ್ಷೆ) ಖಚಿತವಾದವರ ಪಾಲು ಕಡಿಮೆಯಿದ್ದರೆ ಎಂಡೋಸ್ಕೋಪಿ (ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ) ಸೌಲಭ್ಯ ಸಾಲದು ಎಂಬ ಗುಮಾನಿ. ಆದರೆ ಸಂಪನ್ಮೂಲ ಕಡಿಮೆಯಿರುವ ಕಡೆ ಆ ಪಾಲು ನೂರರ ಹತ್ತಿರ ಇದ್ದರೆ ಸಂತೋಷಪಡಬೇಡಿ: ಪ್ರಯೋಗಾಲಯದ ಪಟ್ಟಿಯನ್ನಷ್ಟೇ ನಕಲು ಮಾಡಿರಬಹುದು, ಬಯಾಪ್ಸಿಯವರೆಗೆ ತಲುಪದೆ ಸತ್ತವರು ಅದರಲ್ಲಿ ಇರುವುದೇ ಇಲ್ಲ. ಸಾವನ್ನು ಹೊಸ ಪ್ರಕರಣದಿಂದ ಭಾಗಿಸಿಯೂ ನೋಡಿ. ವಿಶ್ವ ಮಟ್ಟದಲ್ಲಿ ಅದು ಸುಮಾರು 0.68. ತಪಾಸಣೆ ಬೇರೂರಿರುವ ದಕ್ಷಿಣ ಕೊರಿಯಾದಲ್ಲಿ ಬಹಳ ಕಡಿಮೆ. ಎಲ್ಲಾದರೂ 1 ದಾಟಿದರೆ ಹೊಸ ಪ್ರಕರಣಗಳು ಸೋರಿಹೋಗಿರುವ ಸಾಧ್ಯತೆಯೇ ಹೆಚ್ಚು.

ಎರಡನೆಯ ಕೊರತೆ, ದೇಶದ ಒಳಗಿನ ಚಿತ್ರ ಇಲ್ಲದಿರುವುದು. ಭಾರತದ ಒಟ್ಟು ದರ ಒಂದಂಕಿಯಲ್ಲಿದೆ. ಮಿಜೋರಾಂನ ಐಜ್ವಾಲ್ ಜಿಲ್ಲೆಯ ಗಂಡಸರಲ್ಲಿ ಅದು ಲಕ್ಷಕ್ಕೆ 40 ದಾಟುತ್ತದೆ ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2012–16ರ ವರದಿ ಹೇಳುತ್ತದೆ. ಅಲಾಸ್ಕಾದ ಮೂಲನಿವಾಸಿಗಳದೂ ಇದೇ ಪಾಡು; ಅಲ್ಲಿನ ಬಿಳಿಯರಿಗಿಂತ ಹಲವು ಪಟ್ಟು ಹೊರೆ ಹೊತ್ತಿದ್ದರೂ ಅಮೆರಿಕದ ಸರಾಸರಿಯಲ್ಲಿ ಕಾಣುವುದಿಲ್ಲ. ಇಂಥ ಜನರಿಗಾಗಿ ಯೋಜನೆ ಮಾಡುವವರು ಸ್ಥಳೀಯ ನೋಂದಣಿಯ ವರದಿಯನ್ನೇ ತೆಗೆಯಬೇಕು. ಸಣ್ಣ ಸಮುದಾಯವಾದರೆ ಐದು ವರ್ಷಗಳ ಅಂಕಿ ಒಟ್ಟುಗೂಡಿಸಿ ನೋಡಿ. ಒಂದೇ ವರ್ಷದ್ದಾದರೆ ನಾಲ್ಕೈದು ರೋಗಿಗಳು ಹೆಚ್ಚಾದರೂ ದರ ಜಿಗಿಯುತ್ತದೆ.

ಜಠರದ ಯಾವ ಭಾಗದ ಕ್ಯಾನ್ಸರ್ ಎಂಬುದೂ ಇಲ್ಲಿ ಬೇರ್ಪಟ್ಟಿಲ್ಲ. ಅನ್ನನಾಳ ಸೇರುವ ಮೇಲ್ತುದಿಯ ಕ್ಯಾನ್ಸರ್‌ಗೆ ಬೊಜ್ಜು, ಆಮ್ಲ ಹಿಮ್ಮುಖ ಹರಿವಿನ ನಂಟು; ಉಳಿದ ಭಾಗದ್ದಕ್ಕೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ತಡೆಯುವ ದಾರಿಯೇ ಬೇರೆಯಾದ್ದರಿಂದ ಇದು ಸಣ್ಣ ಲೋಪವಲ್ಲ.

ಇಷ್ಟಾದರೂ ಮೊದಲ ನೋಟಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಮುಂದಿನ ಆವೃತ್ತಿಯಲ್ಲಿ, ನೋಂದಣಿ ಇಲ್ಲದ ದೇಶಗಳ ಮೇಲೆ ಗೆರೆ ಎಳೆದು ಬೇರೆಯಾಗಿ ತೋರಿಸಲಿ.